ಒಂದೇ ಪೀಪಾಯಿ, ಎರಡು ಬಾಗಿಲು

ನಾನು ಬಡಿಗ. ಮಣಿಕೊಂಡದಾಗ ನಮ್ಮ ಕಡೆಯ ಸಾಹೇಬ್ರೊಬ್ಬರ ಮನಿಗೆ ಬಾಟ್ಲಿ ಇಡೋ ಕಪಾಟು ಮಾಡಿದ್ದೆ. ಎರಡು ಬಾಗಿಲಿನ ಸಾಗವಾನಿ ಕಟಗಿಯ ಗೆರಿ ಒಂದಕ್ಕೊಂದು ಹೊಂದಿಲ್ಲ, ಬಿಚ್ಚಿ ಹೊಸಾವು ಮಾಡ್ರಿ ಅಂತ ಅವರ ಹಟ. ಸಿಟ್ಟು ನುಂಗಿ ಬಿಚ್ಚಾಕ ಹೋದ್ರ, ಸಾಹೇಬ್ರು ನನಗೂ ಒಂದು ಗುಟುಕು ಬೋರ್ಬನ್ ವಿಸ್ಕಿ ಹಾಕಿದ್ರು.

"ಮೊದಲು ಮೂಸಿ ನೋಡ್ರಿ. ಒಂದೇ ಪೀಪಾಯಿದು, ಬ್ಯಾರೆ ಪೀಪಾಯಿದು ಕೂಡಿಸಿಲ್ಲ. ಬಾಜೂಕಿನ ಪೀಪಾಯಿದಕ್ಕೂ ಈ ರುಚಿ ಇರಂಗಿಲ್ಲ."

ಸುಟ್ಟ ಕಟಗಿ, ಬೆಲ್ಲದ ಪಾಕದ ವಾಸನಿ ಬಂತು. "ಯಾಕ್ರಿ ಹಂಗ?"

"ಪೀಪಾಯಿ ಮರದ್ದು ಅಲ್ಲೇನ್ರಿ? ಮರ ಒಂದರಂಗ ಒಂದು ಇರತೈತೇನು? ಅದಕ್ಕ ಈ ವಿಸ್ಕಿಗೆ ಇಷ್ಟು ಕಿಮ್ಮತ್ತು."

 ಬಾಗಿಲು ನೋಡಿದೆ. ಅವರೂ ನೋಡಿದ್ರು.

"ಇರ್ಲಿ ಬಿಡ್ರಿ," ಅಂದ್ರು.

ಈಗ ಮನಿಗೆ ಬಂದೋರಿಗೆಲ್ಲ ಮೊದಲು ಆ ಬಾಗಿಲಾನೇ ತೋರಸ್ತಾರಂತ. ಕೆಳಗಿನ ಡ್ರಾವರ್ ಬಿಗಿ ಹಿಡಿತೈತಿ ಅಂತ ಮಾತ್ರ ಇನ್ನೂ ಫೋನ್ ಮಾಡ್ತಾರ. ಆ ಬಿಗಿನೂ ಚಂದ ಅಂತ ಅವರನ್ನ ಒಪ್ಪಿಸೋವಂಥ ಬಾಟ್ಲಿ ಅವರ ಕಪಾಟಿನಾಗ ಇದ್ದಂಗಿಲ್ಲ.