ದಾಳಕ್ಕೆ ಬಗ್ಗದ ನೀರುಗಂಟಿ

ಬೇಗೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡ ಕಡೆಯ ಹುಡುಗಿ ಭಾನುವಾರ ಮಧ್ಯಾಹ್ನ ಆಫೀಸಿನವರನ್ನು ಕೂಡಿಸಿಕೊಂಡು ಒಂದು ಆಟ ಆಡಿಸುತ್ತಾಳೆ. ಅವಳು ಕಥೆ ಹೇಳುತ್ತಾಳೆ, ಉಳಿದವರು ಅದರೊಳಗೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಒಂದು ಕೆಲಸ ಆಗುತ್ತೋ ಇಲ್ಲವೋ ಎಂದು ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ದೊಡ್ಡ ಅಂಕಿ ಬಿದ್ದರೆ ಆಯಿತು, ಚಿಕ್ಕದು ಬಿದ್ದರೆ ಇಲ್ಲ. ಒಬ್ಬರು ಕಡಿಮೆಯಾದರೆಂದು ನನ್ನನ್ನೂ ಕೂರಿಸಿಕೊಂಡರು. ಏನಾಗುತ್ತೀರಿ ಎಂದರು. ನೀರುಗಂಟಿ ಎಂದೆ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುವ ಕೆಲಸ ನಾನು ಕಣ್ಣಾರೆ ಕಂಡದ್ದು. ಕತ್ತಿ ಹಿಡಿಯುವುದು ಕಂಡಿಲ್ಲ.

ಹೋದ ಸಲ ಅವಳ ಆಫೀಸಿನ ಹುಡುಗನೊಬ್ಬ ಅರಮನೆಯ ದೂತನಾಗಿ ಬಂದ. ರಾಜನ ತೋಟಕ್ಕೆ ತೂಬು ಎತ್ತಬೇಕಂತೆ. ಎತ್ತಿದರೆ ಕೆಳಗಿನ ಗದ್ದೆಗಳ ಪೈರೆಲ್ಲ ಒಣಗುತ್ತದೆ, ಊರವರು ನನ್ನನ್ನು ಓಡಿಸುತ್ತಾರೆ, ನನ್ನ ಆಟ ಅಲ್ಲಿಗೆ ಮುಗಿಯುತ್ತದೆ. ಆಗಲ್ಲ ಎಂದೆ. ಅವನು ವಾದ ಮಾಡಲಿಲ್ಲ, ಕೈಮುಗಿಯಲಿಲ್ಲ. ದಾಳ ಎಸೆದ. ಹತ್ತೊಂಬತ್ತು.

"ಮುಗೀತು ಅಜ್ಜಿ, ನೀವು ಒಪ್ಬಿಟ್ರಿ."

"ಯಾವಾಗ್ಲಾ ಒಪ್ಪಿದ್ದು? ನಾನು ಬಾಯೇ ಬಿಟ್ಟಿಲ್ವಲ್ಲ!"

"ನನ್ನ ಮಾತಿಗೆ ಅಷ್ಟು ಪವರ್ ಇದೆ ಅಜ್ಜಿ. ಹತ್ತೊಂಬತ್ತು ಬಿದ್ರೆ ಎಂಥೋರೂ ಕರಗ್ತಾರೆ."

"ಯಾವ ಮಾತು? ಒಂದಾದ್ರೂ ಆಡಿದ್ಯಾ? ಗೋಲಿ ಉರುಳಿಸ್ದಂಗೆ ಉರುಳಿಸ್ದೆ."

ಹುಡುಗಿ ನಡುವೆ ಬಾಯಿ ಹಾಕಿದಳು. "ಸಿಟ್ಟಾಗಬ್ಯಾಡ್ರಿ ಅಜ್ಜಿ, ರೂಲ್ ಹಂಗ ಐತಿ. ಬೀಗ ಒಡಿಯೂದಕ್ಕೂ ದಾಳನ, ಮನಸ್ಸು ಒಲಿಸೂದಕ್ಕೂ ದಾಳನ."

"ಬೀಗಕ್ಕೆ ಬಾಯಿಲ್ಲ, ನಂಗೈತೆ. ಅಂಗಿದ್ರೆ ನನ್ನ ಯಾಕ್ ಕರ್ದ್ರಿ? ಒಂದ್ ಬೀಗ ತಂದ್ ಇಟ್ಕಳಿ ಇಲ್ಲಿ."

ಇವರಿಗೆ ಎಷ್ಟು ಹೇಳಿದರೂ ಅಷ್ಟೇ. ನಮ್ಮಲ್ಲಿ ಹೆಣ್ಣು ಕೊಡುವ ಮಾತಾಗಲಿ, ಜಗಳದ ರಾಜಿಯಾಗಲಿ, ಎಲೆ ಅಡಿಕೆ ಮುಂದಿಟ್ಟು ಮಾತಾಡುತ್ತಾರೆ. ಎತ್ತಿಕೊಂಡರೆ ಒಪ್ಪಿಗೆ. ಇಲ್ಲದಿದ್ದರೆ ದಿನವೆಲ್ಲ ಒದರಿದರೂ ಇಲ್ಲ. ಎಲೆಚೀಲ ಬಿಚ್ಚಿ ಎರಡು ಎಲೆ, ಒಂದು ಅಡಿಕೆ ಅವನ ಕೈಗೇ ಕೊಟ್ಟೆ.

"ಇಕ್ಕು ನನ್ ಮುಂದೆ. ದೊಡ್ಡದು ಬಿದ್ರೆ ನೀನು ಚೆನ್ನಾಗಿ ಮಾತಾಡ್ದೆ ಅಂತ ಇಟ್ಕಳಾನ. ಎತ್ಕಳೋ ಕೈ ಮಾತ್ರ ನಂದು."

ಹುಡುಗಿ ತಲೆ ಕೆರೆದುಕೊಂಡು ಹೂಂ ಎಂದಳು. ಅವನು ಎಲೆ ಅಡಿಕೆ ನನ್ನ ಮುಂದಿಟ್ಟು ರಾಜನ ಹೆಸರು ಹೇಳಿ ಹೆದರಿಸಿದ. ಚಿನ್ನದ ಸರ ಕೊಡಿಸುತ್ತೇನೆ ಎಂದ. ನಾನು ಕಾಲು ಚಾಚಿ ಕೂತೆ. ಕೊನೆಗೆ ಅವನೇ ಬೇಸತ್ತ.

"ಹೋಗ್ಲಿ, ಏನ್ ಮಾಡಿದ್ರೆ ಒಪ್ತೀರಾ ಹೇಳಿ ಅಜ್ಜಿ."

ಮೊದಲೇ ಇದನ್ನು ಕೇಳುವುದಕ್ಕೆ ಇವನಿಗೇನು ಧಾಡಿಯಾಗಿತ್ತು?

"ಕೆಳಗಿನ ಗದ್ದೆ ನೆಂದ ಮ್ಯಾಲೆ ಮಿಕ್ಕಿದ್ ನೀರು ತಗಂಡೋಗು. ಆ ಗದ್ದೆಯವ್ರ ಮುಂದೆ ನೀನೇ ಬಂದು ಹೇಳ್ಬೇಕು."

"ಸರಿ, ಬರ್ತೀನಿ" ಎಂದವನು ಕೈ ಸುಮ್ಮನಿರದೆ ಮತ್ತೆ ದಾಳ ಎಸೆದ. ಎರಡು ಬಿತ್ತು.

"ಅಯ್ಯ, ಎರಡು! ಈಗ ನೀವು ಒಪ್ಪಾಂಗಿಲ್ರಿ ಅಜ್ಜಿ" ಎಂದು ಹುಡುಗಿ ಶುರುಮಾಡುವಷ್ಟರಲ್ಲಿ ನಾನು ಮುಂದಿದ್ದ ಎಲೆ ಎತ್ತಿಕೊಂಡು ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡಾಗಿತ್ತು.