ಕುಪ್ಪೇಲೂರಿನಲ್ಲಿ ಕುಪ್ಪೇಲೂರವರಿಲ್ಲ

ನಮ್ಮ ಕಡೆ ಊರು ಬಿಟ್ಟವನಿಗೆ ಬಿಟ್ಟ ಊರೇ ಅಡ್ಡಹೆಸರು. ಅಜ್ಜ ಕುಪ್ಪೇಲೂರಿನಿಂದ ಬ್ಯಾಡಗಿಗೆ ಬಂದು ಕಿರಾಣಿ ಅಂಗಡಿ ಹಾಕಿದ್ದಕ್ಕೆ ನಾವು ಕುಪ್ಪೇಲೂರವರಾದೆವು. ಅಪ್ಪ ಆ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿ, ಒಮ್ಮೆಯೂ ನೋಡದ ಊರಿನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅಕ್ಕನಿಗೆ ರಾಣೆಬೆನ್ನೂರಿನಿಂದ ಸಂಬಂಧ ಬಂತು. ಎಲ್ಲರೂ ಅವರನ್ನು ಬೀಜದಂಗಡಿಯವರು ಎಂದೇ ಕರೆಯುತ್ತಿದ್ದರು. ಹುಡುಗ ಅಕ್ಕನಿಗೆ ಬಹಳ ಹಿಡಿಸಿದ್ದ. ಮಾತುಕತೆಗೆ ಕುಳಿತಾಗ ಗೊತ್ತಾಯಿತು, ಅವರ ಅಡ್ಡಹೆಸರೂ ಕುಪ್ಪೇಲೂರ!

"ಒಂದ ಅಡ್ಡಹೆಸರಂದ್ರ ಅಣ್ಣ-ತಂಗಿ ಆಗ್ತಾರ್ರಿ. ಬ್ಯಾಡ ಬಿಡ್ರಿ," ಎಂದು ಹುಡುಗನ ಅಪ್ಪ ಕೈಮುಗಿದರು. ನಮ್ಮಪ್ಪನೂ ತಲೆಯಾಡಿಸಿದ. ಅಕ್ಕ ಅಡುಗೆಮನೆ ಸೇರಿ ಅಳತೊಡಗಿದಳು.

ನಾನು ಹಾವೇರಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವನು, ಸುಮ್ಮನಿರುವುದು ಹೇಗೆ? ಇಂಟರ್‌ನೆಟ್ ಸೆಂಟರಿನಲ್ಲಿ ಓದಿದ್ದನ್ನೆಲ್ಲ ಹಿರಿಯರ ಮುಂದೆ ಹರವಿದೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಬ್ಯಾಂಗೋರ್ ಎಂಬ ಊರಿದೆ. ಸನ್ಯಾಸಿಗಳ ಮಠದ ಸುತ್ತ ಹೆಣೆದು ಕಟ್ಟಿದ ಬೇಲಿಯಿಂದ ಆ ಹೆಸರು ಬಂತಂತೆ. ಈಗ ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ, ಎಲ್ಲಿ ನೋಡಿದರೂ ಒಂದು ಬ್ಯಾಂಗೋರ್. ಅಮೆರಿಕದ್ದಕ್ಕಂತೂ ಒಬ್ಬ ಪಾದ್ರಿ ತನಗಿಷ್ಟವಾದ ಭಜನೆಯ ಧಾಟಿಯ ಹೆಸರಿಟ್ಟ ಎನ್ನುತ್ತಾರೆ. ಹೆಸರು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಇರಬೇಕಿಲ್ಲ ಎಂದೆ.

"ಹಂಗಾರ ನಿಮ್ಮಕ್ಕನ್ನ ಬ್ಯಾಂಗೋರಕ್ಕ ಕೊಡೂಣೇನು?" ಎಂದ ಅಪ್ಪ. ನನ್ನ ಭೂಗೋಳ ಅಲ್ಲಿಗೇ ಮುಗಿಯಿತು.

ಕೊನೆಗೆ ಅವ್ವ ರೇಗಿದಳು: "ಇಲ್ಲಿ ಕುಂತು ಏನ್ ಮಾತಾಡ್ತೀರಿ? ಆ ಊರಿಗೇ ಹೋಗಿ ಕೇಳ್ಕೊಂಡು ಬರ್ರಿ." ಇಬ್ಬರು ಅಪ್ಪಂದಿರೂ ನಾನೂ ರಾಣೆಬೆನ್ನೂರಿನಿಂದ ಬಸ್ಸು ಹಿಡಿದೆವು. ಕುಪ್ಪೇಲೂರಿನ ಕಟ್ಟೆಯ ಮೇಲೆ ಕುಳಿತವರನ್ನು ಅಪ್ಪ ಗತ್ತಿನಿಂದ ಕೇಳಿದ, ಕುಪ್ಪೇಲೂರವರ ಮನೆ ಎಲ್ಲಿ ಅಂತ.

"ಇಲ್ಲಿ ಎಲ್ಲಾರೂ ಕುಪ್ಪೇಲೂರವ್ರ ಅದೀವಿ. ಹಂಗಂತ ಯಾರ್ನ ಕರೀಬೇಕ್ರಿ?" ಎಂದು ಅವರು ನಕ್ಕರು. ಎರಡೂ ಮನೆಯ ಅಜ್ಜಂದಿರ ಹೆಸರು, ಓಣಿ ಹೇಳಿದ ಮೇಲೆ ಒಬ್ಬ ಮುದುಕಿ ಗುರುತು ಹಿಡಿದಳು. "ನಿಮ್ಮನ್ನ ಅಗಡಿಯವ್ರು ಅಂತಿದ್ವಿ, ಅಗಡಿಯಿಂದ ಬಂದವ್ರು," ಎಂದು ಅಪ್ಪನಿಗೆ ಹೇಳಿ, ಹುಡುಗನ ಅಪ್ಪನತ್ತ ತಿರುಗಿದಳು. "ನೀವು ದೇವರಗುಡ್ಡದವ್ರು. ನಿಮಗೂ ಅವರಿಗೂ ಎಲ್ಲಿ ಸಂಬಂಧರಿ?"

ಹುಡುಗನ ಅಪ್ಪ ಅಲ್ಲೇ ನಮ್ಮಪ್ಪನನ್ನು ತಬ್ಬಿಕೊಂಡು "ಬೀಗರ!" ಎಂದರು. ಅಪ್ಪ ಮಾತ್ರ ಇಂಗು ತಿಂದ ಮಂಗನಂತಾಗಿದ್ದ. ಬಸ್ಸಿನಲ್ಲಿ ಅವನಿಗೆ ಅಂಗಡಿಯ ಬೋರ್ಡಿನದೇ ಚಿಂತೆ. ಅಗಡಿಗೆ ಹೋಗಿ ಕೇಳಿದರೆ ಅಲ್ಲಿಯವರು ಮತ್ತೊಂದು ಊರು ಹೇಳಿಯಾರು, ಬೋರ್ಡು ಹಾಗೇ ಇರಲಿ ಎಂದೆ.

ಸುದ್ದಿ ಕೇಳಿ ಅಕ್ಕ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಚಹಾದ ಕಪ್ಪನ್ನು ಅಪ್ಪನ ಮುಂದಿಟ್ಟಳು.

"ಇಷ್ಟು ವರ್ಷ ಆ ಊರಿನ ಹೆಸರು ಹೊತ್ಕೊಂಡು ತಿರುಗಿದಿ. ಒಮ್ಮೆರೆ ಹೋಗಿ ಬಂದಿದ್ರ, ನಾ ಇಷ್ಟು ಅಳೂದು ತಪ್ಪತಿತ್ತಲ್ಲಪಾ," ಎಂದಳು.