ಶಾರ್ಕಿನ ದಪ್ಪ ಚರ್ಮ

ಶಾರ್ಕುಗಳು ಕೂಡುವ ಮುನ್ನ ಹೇಗೆ ನಡೆದುಕೊಳ್ಳುತ್ತವೆ ಎಂದು ಸಮುದ್ರದ ಮೇಲೆ ಡ್ರೋನ್ ಹಾರಿಸಿ ನೋಡುವುದು ನನ್ನ ಕೆಲಸ. ಒಂದು ಸಂಜೆ ಥಾಣೆಯಿಂದ ಹೊರಟ ಕಲ್ಯಾಣ ಲೋಕಲ್ ರೈಲಿನ ಲೇಡೀಸ್ ಬೋಗಿಯಲ್ಲಿ ಮೊಬೈಲಿನಲ್ಲಿ ಅಂಥದೊಂದು ವಿಡಿಯೋ ನೋಡುತ್ತಿದ್ದೆ. ನಾನು ಅಮ್ಮನೊಡನೆ ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದ ಪಕ್ಕದ ಹೆಂಗಸು ಬಗ್ಗಿ ನೋಡಿದರು.

"ಅದ್ಯಾಕ್ರೀ, ಅದನ್ನ ಕಚ್ಚಾಕತ್ತೈತಿ?"

"ಗಂಡು ಹೆಣ್ಣನ್ನ ಒಲಿಸಿಕೊಳ್ಳೋ ರೀತಿ ಅದು. ಈಜುರೆಕ್ಕೆ ಕಚ್ಚಿ ಹಿಡ್ಕೊಳ್ಳತ್ತೆ. ಅದಕ್ಕೇ ಹೆಣ್ಣಿನ ಚರ್ಮ ದಪ್ಪ ಇರತ್ತೆ," ಎಂದು ಉತ್ಸಾಹದಿಂದ ವಿವರಿಸಿದೆ.

"ಅದಕ್ಕರ ದಪ್ಪ ಚರ್ಮ ಕೊಟ್ಟಾನಲ್ರೀ ದೇವ್ರು."

ಹಾಗೆನ್ನುತ್ತ ಅವರು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು. ಅಷ್ಟರಲ್ಲೇ ಅಲ್ಲಿದ್ದ ಹಲ್ಲಿನ ಗುರುತು ನನಗೆ ಕಂಡಿತ್ತು.

"ಯಾರು ಮಾಡಿದ್ದು?"

"ಮನಿಯವ್ರು."

ಠಾಕುರ್ಲಿ ಸ್ಟೇಷನ್ ಬಂತು. ಅವರು ಎದ್ದರು. "ನನ್ನ ನಂಬರ್ ತಗೊಳ್ಳಿ, ಯಾವಾಗ ಬೇಕಾದ್ರೂ ಫೋನ್ ಮಾಡಿ," ಎಂದೆ.

"ಬ್ಯಾಡ್ರೀ. ಫೋನ್ ಅವರ ಕಿಸೇದಾಗ ಇರ್ತೈತಿ."

ಅವರು ಗುಂಪಿನೊಳಗೆ ತೂರಿಕೊಂಡು ಇಳಿದುಹೋದರು. ಖಾಲಿಯಾದ ಸೀಟಿಗೆ ಆಗಲೇ ಇಬ್ಬರು ಜಗಳಕ್ಕೆ ನಿಂತಿದ್ದರು. ಮುಂದಿನ ಸ್ಟೇಷನ್ನೇ ಕಲ್ಯಾಣ, ಗಾಡಿಯೂ ಅಲ್ಲಿಗೇ ಕೊನೆ.